ಮೈನಸ್ ಏಳು ಪವರ್: ಲೇಸರ್ ಮಾಡಿಸಬೇಕಾ, ಕಣ್ಣೊಳಗೆ ಲೆನ್ಸ್ ಇಡಿಸಬೇಕಾ?

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ. ಮೂರನೇ ಕ್ಲಾಸಿನಿಂದ ಕನ್ನಡಕ ಹಾಕುತ್ತಿದ್ದಾಳೆ. ಈಗ ಬಲಗಣ್ಣಿಗೆ ಮೈನಸ್ 7, ಎಡಗಣ್ಣಿಗೆ ಮೈನಸ್ 6.5. ಎರಡಕ್ಕೂ ಒಂದೊಂದು ಸಿಲಿಂಡರ್ ಪವರ್ ಬೇರೆ. ಎರಡು ವರ್ಷದಿಂದ ನಂಬರ್ ಬದಲಾಗಿಲ್ಲ. ಮನೆಯಲ್ಲಿ ಮದುವೆ ಮಾತು ನಡೆಯುತ್ತಿದೆ. ಅದಕ್ಕೆ ಮುಂಚೆ ಕನ್ನಡಕ ತೆಗೆಸಿಬಿಡೋಣ ಅಂತ ಎಲ್ಲರೂ ಹೇಳುತ್ತಾರೆ. ಒಂದು ಆಸ್ಪತ್ರೆಯಲ್ಲಿ ಲ್ಯಾಸಿಕ್ ಲೇಸರ್ ಬೇಡ, ಸ್ಮೈಲ್ ಅನ್ನುವ ಲೇಸರ್ ಮಾಡಬಹುದು ಅಂದರು. ಇನ್ನೊಂದು ಕಡೆ ಲೇಸರೇ ಬೇಡ, ಕಣ್ಣೊಳಗೆ ಲೆನ್ಸ್ ಇಡಬೇಕು ಅಂದರು. ಎರಡೂ ಕಡೆ ಕಾರ್ನಿಯಾ ದಪ್ಪ 520 ಮೈಕ್ರಾನ್ ಅಂತಲೇ ಬರೆದಿದ್ದಾರೆ. ಯಾರನ್ನು ನಂಬಬೇಕು? ಇನ್ನೊಂದು ಪ್ರಶ್ನೆ: ನನಗೆ 47. ದೂರದ್ದು ಚೆನ್ನಾಗಿ ಕಾಣುತ್ತದೆ, ಓದೋಕೆ ಮಾತ್ರ ಕಷ್ಟ. ಅವಳ ಜೊತೆ ನಾನೂ ಲೇಸರ್ ಮಾಡಿಸಿಕೊಳ್ಳಬಹುದಾ? (ಗೃಹಿಣಿ, ದಾವಣಗೆರೆ)

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ನಿಮ್ಮ ಮಗಳ ಕಣ್ಣಿನ ಲೆಕ್ಕ ಅಂಚಿನಲ್ಲಿದೆ. ಒಬ್ಬರು ಆಗುತ್ತದೆ ಅಂದರು, ಇನ್ನೊಬ್ಬರು ಯಾಕೆ ರಿಸ್ಕ್ ಅಂದರು. ಈ ಲೆಕ್ಕ ದೊಡ್ಡ ಗುಟ್ಟೇನಲ್ಲ. ಕೂಡುವುದು ಕಳೆಯುವುದು ಬಂದರೆ ನೀವೇ ಹಾಕಿ ನೋಡಬಹುದು.

ಅದಕ್ಕೂ ಮೊದಲು ಮೈನಸ್ ಪವರ್ ಅಂದರೆ ಏನು ಅಂತ ಗೊತ್ತಿರಬೇಕು. ನಮ್ಮ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಕೆಲವು ಮಕ್ಕಳಲ್ಲಿ ಬೆಳೆಯುವ ವಯಸ್ಸಿನಲ್ಲಿ ಅದು ಸುಮ್ನೆ ಉದ್ದವಾಗುತ್ತಾ ಹೋಗುತ್ತದೆ. ಒಂದು ಮಿಲಿಮೀಟರ್ ಜಾಸ್ತಿಯಾದರೆ ಎರಡೂವರೆ, ಮೂರು ಪವರ್ ಬರುತ್ತದೆ. ನಿಮ್ಮ ಮಗಳ ಕಣ್ಣು ಎರಡೂವರೆ ಮಿಲಿಮೀಟರಿನಷ್ಟು ಉದ್ದ ಬೆಳೆದಿರಬೇಕು. ಒಂದು ದಪ್ಪ ಸಾಸಿವೆ ಕಾಳಿನಷ್ಟು, ಅಷ್ಟೇ. ಅಷ್ಟಕ್ಕೇ ದೂರದ ಬೆಳಕು ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ಮುಟ್ಟುವ ಮೊದಲೇ ಒಂದು ಕಡೆ ಸೇರಿಬಿಡುತ್ತದೆ. ಬಸ್ಸಿನ ಬೋರ್ಡು ಮಂಜಾಗುತ್ತದೆ. ಸಿಲಿಂಡರ್ ಪವರ್ ಕತೆ ಬೇರೆ. ಕಣ್ಣಿನ ಮುಂದಿನ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ಸಮ ಇರದೆ ಮಾವಿನಕಾಯಿ ಹಾಗೆ ಒಂದು ಕಡೆ ಜಾಸ್ತಿ ಬಾಗಿರುತ್ತದೆ.

ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಲೇಸರ್ ಎಲ್ಲ ಮಾಡುವುದು ಒಂದೇ ಕೆಲಸ. ಬೆಳಕನ್ನು ಸ್ವಲ್ಪ ಹಿಂದಕ್ಕೆ ಕಳಿಸಿ ರೆಟಿನಾ ಮೇಲೆ ಬೀಳಿಸುವುದು. ಉದ್ದವಾದ ಕಣ್ಣನ್ನು ಗಿಡ್ಡ ಮಾಡುವ ಲೇಸರ್ ಯಾವುದೂ ಇಲ್ಲ. ಈ ಮಾತನ್ನು ತಲೆಯಲ್ಲಿ ಇಟ್ಟುಕೊಂಡಿರಿ, ಆಮೇಲೆ ಇಲ್ಲಿಗೇ ವಾಪಸ್ ಬರಬೇಕು.

ಲೇಸರ್ ಅಂದ ತಕ್ಷಣ ಕಣ್ಣನ್ನು ಸುಡುತ್ತಾರೆ ಅಂತ ತುಂಬಾ ಜನ ಹೆದರುತ್ತಾರೆ. ಈ ಲೇಸರ್ ಸುಡುವುದಿಲ್ಲ ಅನ್ನುವುದೇ ಅದರ ವಿಶೇಷ. ಎಕ್ಸೈಮರ್ ಲೇಸರ್ ಅಂತ ಹೆಸರು. 193 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಬೆಳಕು. ಅಮೆರಿಕದ ಐಬಿಎಂ ಕಂಪನಿಯ ಪ್ರಯೋಗಶಾಲೆಯಲ್ಲಿ 1981ರಲ್ಲಿ ಮೂವರು ವಿಜ್ಞಾನಿಗಳು ಇದರ ಈ ಸುಡದ ಗುಣವನ್ನು ಕಂಡುಕೊಂಡರು. ಅವರಲ್ಲಿ ಒಬ್ಬರು ಮದರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಅವರು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡು ತಂದು ಅದರ ಮೇಲೆ ಈ ಬೆಳಕು ಬಿಟ್ಟರು. ಕತ್ತರಿಸಿದ ಜಾಗದ ಸುತ್ತ ಒಂದಿಷ್ಟೂ ಕಪ್ಪಾಗಲಿಲ್ಲ. ಬಿಸಿಯಿಂದ ಸುಡುವ ಬದಲು ಈ ಬೆಳಕು ಅಣುಗಳ ನಡುವಿನ ಬೆಸುಗೆಯನ್ನೇ ಬಿಡಿಸಿ ಪದರವನ್ನು ಹಾರಿಸಿಬಿಡುತ್ತದೆ. ಒಂದು ಸಲಕ್ಕೆ ಮೈಕ್ರಾನಿನ ಕಾಲು ಭಾಗದಷ್ಟು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಹಬ್ಬದ ತಂಗಳು ಊಟದಿಂದ ಲೋಕಕ್ಕೆ ಇಷ್ಟು ಉಪಕಾರ ಆಗಿದ್ದು ಇದೊಂದೇ ಸಲ ಇರಬೇಕು!

ಈಗ ಲೆಕ್ಕ. ಮಗಳ ಕಾರ್ನಿಯಾ 520 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ಲ್ಯಾಸಿಕ್‌ನಲ್ಲಿ ಮೊದಲು ಕಾರ್ನಿಯಾದ ಮೇಲ್ಪದರವನ್ನು ತೆಳ್ಳಗೆ ಸೀಳಿ, ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚುತ್ತಾರೆ. ಇದಕ್ಕೆ ಫ್ಲ್ಯಾಪ್ ಅನ್ನುತ್ತಾರೆ, ದಪ್ಪ ಸುಮಾರು 110 ಮೈಕ್ರಾನ್. ಅದರ ಕೆಳಗೆ ಎಕ್ಸೈಮರ್ ಲೇಸರ್ ಕೆಲಸ ಮಾಡುತ್ತದೆ. ಒಂದು ಪವರ್ ತೆಗೆಯಲು ಸುಮಾರು 15 ಮೈಕ್ರಾನ್ ಹೋಗುತ್ತದೆ. ಬಲಗಣ್ಣಿಗೆ 7, ಸಿಲಿಂಡರ್ 1, ಒಟ್ಟು 8. ಅಲ್ಲಿಗೆ 120 ಮೈಕ್ರಾನ್. 520ರಲ್ಲಿ 110 ಕಳೆಯಿರಿ, 120 ಕಳೆಯಿರಿ. ಉಳಿಯುವುದು 290.

ಕೆಳಗೆ ಕನಿಷ್ಠ 250 ಉಳಿಯಬೇಕು ಅನ್ನುವುದು ಹಳೆಯ ನಿಯಮ. ಅದರ ಪ್ರಕಾರ ನಿಮ್ಮ ಮಗಳು ಪಾಸ್. ಈಗ ಹಲವರು ಇನ್ನೊಂದು ನಿಯಮವನ್ನೂ ನೋಡುತ್ತಾರೆ. ಫ್ಲ್ಯಾಪ್ ಮತ್ತು ಲೇಸರ್ ಸೇರಿ ಕಾರ್ನಿಯಾದ ಶೇಕಡಾ 40ಕ್ಕಿಂತ ಜಾಸ್ತಿ ಮುಟ್ಟಬಾರದು ಅಂತ. ಇವಳಲ್ಲಿ 520ಕ್ಕೆ 230, ಅಂದರೆ ಶೇಕಡಾ 44. ಇದರಲ್ಲಿ ಫೇಲ್. ಲ್ಯಾಸಿಕ್ ಬೇಡ ಅಂತ ಎರಡೂ ಕಡೆ ಹೇಳಿದ್ದು ಇದಕ್ಕೇ.

ಹಾಗಾದರೆ ಸ್ಮೈಲ್? ಇದರಲ್ಲಿ ಫ್ಲ್ಯಾಪ್ ಇಲ್ಲ. ಫೆಮ್ಟೋಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆ ಕತ್ತರಿಸುತ್ತದೆ. ಡಾಕ್ಟರು ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಸೀಳಿನಿಂದ ಆ ಬಿಲ್ಲೆಯನ್ನು ಹೊರಗೆ ಎಳೆಯುತ್ತಾರೆ. ಇಂಥ ಅತಿ ಚಿಕ್ಕ ಮಿಂಚಿನ ಲೇಸರ್ ಸಾಧ್ಯವಾಗಿಸಿದ ಜೆರಾರ್ಡ್ ಮೂರೂ ಮತ್ತು ಡೋನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರಲ್ಲಿ ಫಿಸಿಕ್ಸ್ ನೊಬೆಲ್ ಬಂತು. ಸ್ಮೈಲ್‌ನ ಒಳ್ಳೆಯ ಗುಣ ಏನೆಂದರೆ ಕಾರ್ನಿಯಾದ ಮೇಲ್ಭಾಗ ಬಹುಪಾಲು ಹಾಗೇ ಉಳಿಯುತ್ತದೆ. ಆ ಭಾಗವೇ ಗಟ್ಟಿ. ನರಗಳು ಕಡಿಮೆ ಕತ್ತರಿಸುವುದರಿಂದ ಕಣ್ಣು ಒಣಗುವುದೂ ಸಾಮಾನ್ಯವಾಗಿ ಕಡಿಮೆ. ಫ್ಲ್ಯಾಪ್ ಜರುಗುವ ಭಯ ಇಲ್ಲ. ಕಬಡ್ಡಿ ಆಡುವ ಹುಡುಗರಿಗೆ ನಾನು ಲ್ಯಾಸಿಕ್ ಹೇಳುವುದೇ ಇಲ್ಲ, ಮೊಣಕೈ ಏಟು ಬಿದ್ದರೆ ವರ್ಷಗಳಾದ ಮೇಲೂ ಫ್ಲ್ಯಾಪ್ ಸರಿಯಬಹುದು.

ಆದರೆ ಜಾಹೀರಾತಿನಲ್ಲಿ ಬರುವ ಹಾಗೆ ಸ್ಮೈಲ್ ಕಾರ್ನಿಯಾವನ್ನು ಉಳಿಸಿಬಿಡುತ್ತದೆ ಅನ್ನುವುದು ಅರ್ಧ ಸತ್ಯ. ತೆಗೆಯುವ ಬಿಲ್ಲೆ ಲ್ಯಾಸಿಕ್‌ನಲ್ಲಿ ಹೋಗುವುದಕ್ಕಿಂತ ಒಂದಿಷ್ಟು ದಪ್ಪವೇ ಇರುತ್ತದೆ. ತೀರಾ ತೆಳ್ಳಗಿದ್ದರೆ ಹರಿಯದೆ ಎಳೆಯಲು ಆಗುವುದಿಲ್ಲ, ಅದಕ್ಕೆ. ನಿಮ್ಮ ಮಗಳಿಗೆ 140ರಿಂದ 150 ಮೈಕ್ರಾನ್ ಬೇಕಾಗಬಹುದು. ಮೇಲಿನ ಪದರ 120 ಇಟ್ಟರೆ ಕೆಳಗೆ ಉಳಿಯುವುದು 250, 260. ಕೂದಲೆಳೆಯಲ್ಲಿ ಪಾಸ್. ಮೊದಲ ಆಸ್ಪತ್ರೆಯವರು ಮೇಲಿನ ಗಟ್ಟಿ ಭಾಗ ಉಳಿಯುತ್ತದಲ್ಲ ಅಂತ ಧೈರ್ಯ ಮಾಡಿದ್ದಾರೆ. ಎರಡನೆಯವರು ಬರೀ ಉಳಿಕೆ ನೋಡಿ ಬೇಡ ಅಂದಿದ್ದಾರೆ.

ಪಿಆರ್‌ಕೆ ಅಂತ ಇನ್ನೊಂದಿದೆ, ಇವೆಲ್ಲಕ್ಕಿಂತ ಹಳೆಯದು. ಮೇಲಿನ ಚರ್ಮದಂಥ ಪದರ ಮಾತ್ರ ಒರೆಸಿ ನೇರವಾಗಿ ಲೇಸರ್ ಬಿಡುವುದು. ಮೂರು ನಾಲ್ಕು ದಿನ ಕಣ್ಣು ಚೆನ್ನಾಗಿಯೇ ಉರಿಯುತ್ತದೆ. ಕಡಿಮೆ ಪವರ್, ತೆಳು ಕಾರ್ನಿಯಾ ಇರುವವರಿಗೆ ಇದು ಒಳ್ಳೆಯದು. ಇಷ್ಟು ಜಾಸ್ತಿ ಪವರಿಗೆ ಮಾಡಿದರೆ ಕಾರ್ನಿಯಾ ಮೇಲೆ ಮಂಜು ಕಟ್ಟುವ ಸಂಭವ ಹೆಚ್ಚು. ಇವಳ ಮಟ್ಟಿಗೆ ಬಿಟ್ಟುಬಿಡಿ.

ನೀವು ದಪ್ಪ ಮಾತ್ರ ಬರೆದಿದ್ದೀರಿ. ನನಗೆ ಅದಕ್ಕಿಂತ ಮುಖ್ಯವಾದದ್ದು ಕಾರ್ನಿಯಾದ ಆಕಾರ. ಟೊಪೋಗ್ರಫಿ ಅಥವಾ ಪೆಂಟಾಕ್ಯಾಮ್ ಅಂತ ಬಣ್ಣಬಣ್ಣದ ನಕ್ಷೆ ಕೊಟ್ಟಿರುತ್ತಾರೆ, ಹೋಳಿ ಆಡಿದ ಹಾಗೆ ಕೆಂಪು, ಹಳದಿ, ನೀಲಿ. ಅದರಲ್ಲಿ ಕೆಳಭಾಗ ಮಾತ್ರ ಉಬ್ಬಿದ್ದರೆ ಕೆರಟೋಕೋನಸ್ ಶುರುವಾಗುತ್ತಿರಬಹುದು, ಅಂದರೆ ಕಾರ್ನಿಯಾ ಮೆತ್ತಗಾಗಿ ಮುಂದಕ್ಕೆ ಚೂಪಾಗುವ ಕಾಯಿಲೆ. ಅಂಥ ಕಣ್ಣಿಗೆ ಲೇಸರ್ ಮಾಡಿದರೆ ಒಳ್ಳೆಯ ಗೋಡೆ ಅಂತ ಭ್ರಮಿಸಿ ಬಿರುಕು ಬಿಟ್ಟ ಗೋಡೆಯನ್ನು ಕೆತ್ತಿದ ಹಾಗೆ. 600 ಮೈಕ್ರಾನ್ ದಪ್ಪ ಇದ್ದರೂ ನಕ್ಷೆ ಕೆಟ್ಟಿದ್ದರೆ ನಾನು ಮುಟ್ಟುವುದಿಲ್ಲ. ನಿಮ್ಮ ಮಗಳಿಗೆ ಅಲರ್ಜಿ ಇದೆಯಾ? ಕಣ್ಣು ಜೋರಾಗಿ ಉಜ್ಜಿಕೊಳ್ಳುವ ಅಭ್ಯಾಸ ಇದೆಯಾ? ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದೆಯಾ? ಇದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಇನ್ನೊಂದು ಸಣ್ಣ ವಿಷಯ, ಎಷ್ಟೋ ಕಡೆ ಇದರಲ್ಲೇ ಎಡವುತ್ತಾರೆ. ಅವಳು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ, ಮೆತ್ತನೆಯ ಲೆನ್ಸಾದರೆ ಒಂದೆರಡು ವಾರ ಮುಂಚೆ ನಿಲ್ಲಿಸಿ ಆಮೇಲೆ ಈ ನಕ್ಷೆ ತೆಗೆಸಬೇಕು. ಗಟ್ಟಿ ಲೆನ್ಸಾದರೆ ಮೂರ್ನಾಲ್ಕು ವಾರ. ಬಿಗಿ ಚಪ್ಪಲಿ ಬಿಚ್ಚಿದ ಮೇಲೂ ಕಾಲಿನ ಮೇಲೆ ಅಚ್ಚು ಉಳಿಯುತ್ತದಲ್ವಾ, ಹಾಗೆ ಲೆನ್ಸಿನ ಒತ್ತಿಗೆ ಕಾರ್ನಿಯಾದ ಆಕಾರ ಬದಲಾಗಿರುತ್ತದೆ. ಬೆಳಿಗ್ಗೆ ಲೆನ್ಸ್ ತೆಗೆದು ಮಧ್ಯಾಹ್ನ ಸ್ಕ್ಯಾನ್ ಮಾಡಿಸಿದ ರಿಪೋರ್ಟನ್ನು ನಂಬುವಂತಿಲ್ಲ.

ಈಗ ಎರಡನೆಯವರು ಹೇಳಿದ ಲೆನ್ಸ್. ಐಸಿಎಲ್ ಅನ್ನುತ್ತಾರೆ. ನಮ್ಮ ದೇಶದಲ್ಲೇ ತಯಾರಾಗುವ ಇಂಥ ಲೆನ್ಸೂ ಸಿಗುತ್ತದೆ. ಸುಮಾರು ಮೂರು ಮಿಲಿಮೀಟರ್ ಸೀಳಿ, ಮಡಚಿದ ಮೆತ್ತನೆಯ ಲೆನ್ಸನ್ನು ಒಳಗೆ ಬಿಟ್ಟು, ಪಾಪೆಯ ಹಿಂದೆ, ಕಣ್ಣೊಳಗೆ ಹುಟ್ಟಿನಿಂದ ಇರುವ ಅವಳ ಸ್ವಂತ ಲೆನ್ಸಿನ ಮುಂದೆ ಕೂರಿಸುತ್ತಾರೆ. ಕಾರ್ನಿಯಾ ಕೆತ್ತುವುದೇ ಇಲ್ಲ. ಮೈನಸ್ 7ರಂಥ ಪವರಿಗೆ ನೋಟದ ಗುಣಮಟ್ಟ ಬಹಳ ಚೆನ್ನಾಗಿರುತ್ತದೆ. ಬೇಡ ಅನ್ನಿಸಿದರೆ ತೆಗೆಯಲೂ ಬರುತ್ತದೆ. ಕೆತ್ತಿದ ಕಾರ್ನಿಯಾವನ್ನು ವಾಪಸ್ ಅಂಟಿಸಲು ಆಗುವುದಿಲ್ಲ.

ಕಣ್ಣೊಳಗೆ ಲೆನ್ಸ್ ಅಂದರೆ ಗಾಬರಿಯಾಗಬೇಡಿ. ಪೊರೆ ಆಪರೇಷನ್ ಆದ ನಿಮ್ಮ ನೆಂಟರಲ್ಲಿ ಬಹುತೇಕ ಎಲ್ಲರ ಕಣ್ಣಲ್ಲೂ ಒಂದೊಂದು ಲೆನ್ಸ್ ಇದೆ. ಇದನ್ನು ಶುರು ಮಾಡಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಹೊಕ್ಕಿದ್ದರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ನಮ್ಮ ಕಡೆ ಲೆನ್ಸ್ ಎಲ್ಲರಿಗೂ ಸಿಗಲು ತುಂಬಾ ಕಾಲ ಹಿಡಿಯಿತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಕ್ಯಾಂಪ್ ಮಾಡಿ ಸಾವಿರಾರು ಜನರ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಪೊರೆ ತೆಗೆದ ಮೇಲೆ ದಪ್ಪ ಪ್ಲಸ್ ಹತ್ತರ ಕನ್ನಡಕವೇ ಗತಿ. ಅಜ್ಜ ಅಜ್ಜಿಯರ ಆ ಸೋಡಾಬುಡ್ಡಿ ಕನ್ನಡಕ ನಿಮಗೂ ನೆನಪಿರಬಹುದು. ಅದರ ಹಿಂದೆ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತಿತ್ತು!

ಐಸಿಎಲ್‌ಗೂ ಷರತ್ತುಗಳಿವೆ. ಕಾರ್ನಿಯಾ ಮತ್ತು ಅವಳ ಸ್ವಂತ ಲೆನ್ಸಿನ ನಡುವೆ ಜಾಗ ಬೇಕು, ಸಾಮಾನ್ಯವಾಗಿ 2.8 ಮಿಲಿಮೀಟರಾದರೂ. ಕಾರ್ನಿಯಾದ ಒಳಗೋಡೆಯ ಜೀವಕೋಶಗಳ ಎಣಿಕೆ ಚೆನ್ನಾಗಿರಬೇಕು. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಲೆನ್ಸಿನ ಅಳತೆ ತಪ್ಪಿದರೆ ಕಣ್ಣಿನ ಒತ್ತಡ ಏರಬಹುದು, ಇಲ್ಲವೇ ಬೇಗ ಪೊರೆ ಬರಬಹುದು. ಕಣ್ಣಿನ ಒಳಗೆ ಹೋಗಿ ಮಾಡುವ ಆಪರೇಷನ್ ಆದ್ದರಿಂದ ಒಳಗೆ ಸೋಂಕು ತಗಲುವ ಅಪಾಯವೂ ಇದೆ. ಅಪರೂಪ, ಆದರೆ ತಗಲಿದರೆ ದೊಡ್ಡದು. ಪ್ರತಿ ವರ್ಷ ತೋರಿಸಬೇಕು. ಖರ್ಚು ಲೇಸರಿಗಿಂತ ಜಾಸ್ತಿ. ವಿಮೆ ಇದೆ ಅಂತ ನಂಬಿ ಕೂರಬೇಡಿ. ನಮ್ಮಲ್ಲಿ ಸಾಮಾನ್ಯ ಆರೋಗ್ಯ ವಿಮೆ 7.5ಕ್ಕಿಂತ ಕಡಿಮೆ ಪವರಿನ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ಇವಳ ಚಶ್ಮೆ ನಂಬರ್ ಆ ಗೆರೆಯ ಹತ್ತಿರ ಬಂದು ನಿಂತಿದೆ. ಪಾಲಿಸಿ ತೆಗೆದು ಒಮ್ಮೆ ಓದಿ, ಕಂಪನಿಗೆ ಫೋನ್ ಮಾಡಿ ಕೇಳಿ.

ನನ್ನ ಮನೆಯ ಹುಡುಗಿಯಾಗಿದ್ದರೆ ಏನು ಹೇಳುತ್ತಿದ್ದೆ? ನಕ್ಷೆ ಚೆನ್ನಾಗಿದ್ದು, ಒಳಗೆ ಜಾಗ ಇದ್ದು, ಖರ್ಚಿಗೆ ತೊಂದರೆ ಇಲ್ಲದಿದ್ದರೆ ಐಸಿಎಲ್ ಅನ್ನುತ್ತಿದ್ದೆ. ಜಾಗ ಕಡಿಮೆ ಇದ್ದರೆ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸೇ ಸಾಕು ಅನ್ನುತ್ತಿದ್ದೆ. ಅಂಚಿನಲ್ಲಿರುವ ಕಾರ್ನಿಯಾ ಕೆತ್ತಲು ನನ್ನ ಕೈ ಬರುವುದಿಲ್ಲ. ಬೇರೆ ಡಾಕ್ಟರಿಗೆ ಇದಕ್ಕಿಂತ ಧೈರ್ಯ ಇರಬಹುದು, ಅದು ತಪ್ಪು ಅನ್ನಲಾರೆ. ಅಂದಹಾಗೆ, ನಾನೇ ಕನ್ನಡಕ ಹಾಕುತ್ತೇನೆ. "ಕಣ್ಣು ಡಾಕ್ಟ್ರೇ ಕನ್ನಡಕ ಹಾಕ್ತೀರಲ್ಲ ಸಾರ್" ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ನನ್ನ ಕಣ್ಣು ಒಣಗುವ ಕಣ್ಣು, ಅದಕ್ಕೆ ಲೇಸರ್ ಸುದ್ದಿಗೆ ಹೋಗಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಅಂದೆನಲ್ಲ, ಒಂದು ಮಾತು. ಅದನ್ನು ನಲ್ಲಿ ನೀರಿನಲ್ಲಾಗಲಿ ಬೋರ್‌ವೆಲ್ ನೀರಿನಲ್ಲಾಗಲಿ ತೊಳೆಯಲೇಬಾರದು. ಆ ನೀರಿನಲ್ಲಿರುವ ಅಕಾಂತಮೀಬಾ ಅನ್ನುವ ಜೀವಿ ಕಾರ್ನಿಯಾಕ್ಕೆ ಹತ್ತಿಕೊಂಡರೆ ತಿಂಗಳುಗಟ್ಟಲೆ ಔಷಧಿ ಹಾಕಬೇಕು. ಹಾಕಿಕೊಂಡು ಮಲಗುವುದೂ ಬೇಡ.

ಮದುವೆ ದಿನಾಂಕಕ್ಕೆ ಸರಿಯಾಗಿ ಆಪರೇಷನ್ ಮಾಡಿಸುವವರನ್ನು ನೋಡಿ ನೋಡಿ ಸಾಕಾಗಿದೆ. ಲೇಸರ್ ಆಗಲಿ ಲೆನ್ಸ್ ಆಗಲಿ, ಮದುವೆಗೆ ಮೂರು ತಿಂಗಳಾದರೂ ಮುಂಚೆ ಆಗಲಿ. ಮೊದಲ ಕೆಲವು ವಾರ ಕಣ್ಣಿಗೆ ನೀರು ಬೀಳಬಾರದು, ಕಾಡಿಗೆ ಹಚ್ಚಬಾರದು, ಉಜ್ಜಬಾರದು. ನಮ್ಮ ಮದುವೆಯಲ್ಲಿ ಅರಿಶಿನ ಶಾಸ್ತ್ರ, ಎಣ್ಣೆ ಸ್ನಾನ, ಹೋಮದ ಹೊಗೆ, ಎರಡು ಗಂಟೆ ಮೇಕಪ್, ಜೊತೆಗೆ ಮುಖಕ್ಕೇ ಬಡಿಯುವ ಅಕ್ಷತೆ! ಲೇಸರಾದ ಮೇಲೆ ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಬಳೆ ಕಾಣುವುದು ಕೆಲವು ತಿಂಗಳು ಇದ್ದದ್ದೇ. ಗರ್ಭಿಣಿಯಾಗಿದ್ದಾಗ, ಹಾಲು ಕುಡಿಸುವಾಗ ಮಾಡಿಸುವಂತಿಲ್ಲ, ಆಗ ಪವರ್ ಏರುಪೇರಾಗುತ್ತದೆ. ಇನ್ನು, ಅವಳಿಗೇ ಕನ್ನಡಕ ತೆಗೆಸುವ ಆಸೆ ಇದೆಯಾ? ನಿಮ್ಮ ಪತ್ರದಲ್ಲಿ "ಎಲ್ಲರೂ ಹೇಳುತ್ತಾರೆ" ಅಂತಿದೆ, ಅವಳು ಏನಂದಳು ಅಂತ ಇಲ್ಲ.

ಈಗ ಮೊದಲು ಹೇಳಿದ ಸಾಸಿವೆ ಕಾಳಿಗೆ ಬರೋಣ. ಏನೇ ಮಾಡಿಸಿದರೂ ಕಣ್ಣು ಉದ್ದವಾಗಿಯೇ ಇರುತ್ತದೆ. ಉದ್ದ ಕಣ್ಣಿನ ಒಳಗೆ ರೆಟಿನಾ ಜಗ್ಗಿ ತೆಳ್ಳಗಾಗಿರುತ್ತದೆ, ಅಂಚಿನಲ್ಲಿ ಸವೆದ ಬಟ್ಟೆ ಹಾಗೆ ತೂತು ಬೀಳಬಹುದು. ಲೇಸರ್ ಮಾಡಿಸಿಕೊಂಡು ಏಳು ವರ್ಷ ನಿಶ್ಚಿಂತೆಯಿಂದಿದ್ದ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ನಾಲ್ಕು ದಿನದಿಂದ ಒಂದು ಕಡೆಯಿಂದ ಪರದೆ ಇಳಿದ ಹಾಗಿದೆ ಅಂದ. ರೆಟಿನಾ ಕಳಚಿಕೊಂಡಿತ್ತು. "ನನಗೆ ಈಗ ಪವರೇ ಇಲ್ಲವಲ್ಲ ಡಾಕ್ಟ್ರೇ" ಅಂತ ಅವನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಪವರ್ ಸೊನ್ನೆಯಾಗಿದ್ದು ಚೀಟಿಯಲ್ಲಿ, ಅವನ ಕಣ್ಣು ಮೈನಸ್ ಎಂಟರ ಕಣ್ಣಾಗಿಯೇ ಉಳಿದಿತ್ತು. ಹಾಗಾಗಿ ಆಪರೇಷನ್‌ಗೆ ಮುಂಚೆ ಹನಿ ಹಾಕಿ ಪಾಪೆ ಅಗಲ ಮಾಡಿ ರೆಟಿನಾದ ಅಂಚಿನವರೆಗೆ ನೋಡಿಸಿ. ತೂತು ಕಂಡರೆ ಮೊದಲು ಅದರ ಸುತ್ತ ಬೇರೆ ಲೇಸರಿನಿಂದ ಬೆಸುಗೆ ಹಾಕುತ್ತಾರೆ. ಆಮೇಲೆಯೂ ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಆಗಬೇಕು. ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ, ಪರದೆ ಇಳಿದ ಹಾಗಾದರೆ ಅವತ್ತೇ ಹೋಗಬೇಕು.

ಲೇಸರ್ ಮಾಡಿಸಿದರೆ ಹಳೆಯ ಪವರ್ ಚೀಟಿ, ನಕ್ಷೆ, ಎಲ್ಲವನ್ನೂ ಆಸ್ತಿಪತ್ರದ ಜೊತೆ ಎತ್ತಿಡಿ. ಮುಂದೆ ಅರವತ್ತರಲ್ಲಿ ಪೊರೆ ಬಂದಾಗ ಒಳಗೆ ಯಾವ ನಂಬರಿನ ಲೆನ್ಸ್ ಇಡಬೇಕು ಅಂತ ಲೆಕ್ಕ ಹಾಕಲು ಡಾಕ್ಟರಿಗೆ ಅದು ಬೇಕಾಗುತ್ತದೆ. ಕೆತ್ತಿದ ಕಾರ್ನಿಯಾದಲ್ಲಿ ಮಾಮೂಲಿ ಲೆಕ್ಕ ತಪ್ಪುತ್ತದೆ.

ಇನ್ನು ನಿಮ್ಮ ವಿಷಯ. ನಿಮ್ಮದು ಚಾಳೀಸು. ನಲವತ್ತರ ಹೆಸರನ್ನೇ ಕನ್ನಡಕಕ್ಕೆ ಇಟ್ಟ ನಮ್ಮ ಹಿರಿಯರು ಸರಿಯಾಗಿಯೇ ಗಮನಿಸಿದ್ದರು. ಕಣ್ಣೊಳಗಿನ ಲೆನ್ಸ್ ಚಿಕ್ಕಂದಿನಲ್ಲಿ ಮೆತ್ತಗಿದ್ದು ಹತ್ತಿರ ನೋಡುವಾಗ ಉಬ್ಬುತ್ತದೆ. ನಲವತ್ತು ದಾಟಿದ ಮೇಲೆ ಗಟ್ಟಿಯಾಗಿ ಉಬ್ಬುವುದನ್ನು ನಿಲ್ಲಿಸುತ್ತದೆ. ಸೂಜಿಗೆ ದಾರ ಪೋಣಿಸಲು ಕೈ ದೂರ ಚಾಚಬೇಕಾಗುತ್ತದೆ. ನಿಮ್ಮ ಮಗಳ ಲೇಸರ್ ಕೆತ್ತುವುದು ಕಾರ್ನಿಯಾವನ್ನು, ನಿಮ್ಮ ತೊಂದರೆ ಇರುವುದು ಲೆನ್ಸಿನಲ್ಲಿ. ಒಂದು ಕಣ್ಣನ್ನು ದೂರಕ್ಕೆ, ಒಂದನ್ನು ಹತ್ತಿರಕ್ಕೆ ಇಡುವ ಲೇಸರ್ ಇದೆ. ದೂರದ್ದು ಚೆನ್ನಾಗಿ ಕಾಣುವ ಕಣ್ಣನ್ನು ಅದಕ್ಕಾಗಿ ಕೆಡಿಸುವುದು ನನಗೆ ಒಪ್ಪಿಗೆಯಿಲ್ಲ. 2024ರಲ್ಲಿ ಓದುವ ಕನ್ನಡಕ ಬೇಡವಾಗಿಸುವ ಹನಿ ಔಷಧಿ ಅಂತ ನಮ್ಮ ದೇಶದಲ್ಲಿ ದೊಡ್ಡ ಸುದ್ದಿಯಾಯಿತು. ಅತಿಯಾದ ಪ್ರಚಾರ ನೋಡಿ ಔಷಧ ನಿಯಂತ್ರಕರು ಕೆಲವೇ ದಿನದಲ್ಲಿ ಅನುಮತಿ ತಡೆಹಿಡಿದರು. ಅಂಥ ಹನಿ ಪಾಪೆಯನ್ನು ಚಿಕ್ಕದು ಮಾಡಿ ಕೆಲವು ಗಂಟೆ ಅನುಕೂಲ ಮಾಡುತ್ತದೆ, ಲೆನ್ಸನ್ನು ಮತ್ತೆ ಮೆತ್ತಗೆ ಮಾಡುವುದಿಲ್ಲ.

ಓದುವ ಕನ್ನಡಕ ತೆಗೆದುಕೊಳ್ಳಿ. ಅಡುಗೆ, ಟಿವಿ, ಮೊಬೈಲ್ ಎಲ್ಲಕ್ಕೂ ತೆಗೆದು ಹಾಕುವುದು ಬೇಸರವಾದರೆ ಪ್ರೋಗ್ರೆಸ್ಸಿವ್, ಅಂದರೆ ಮೇಲ್ಭಾಗ ದೂರಕ್ಕೆ, ಕೆಳಭಾಗ ಹತ್ತಿರಕ್ಕೆ ಇರುವ ಕನ್ನಡಕ, ಮಾಡಿಸಿ. ಮೊದಲ ಎರಡು ವಾರ ಮೆಟ್ಟಿಲಿಳಿಯುವಾಗ ತಲೆ ಬಗ್ಗಿಸಿ ಮೇಲಿನ ಭಾಗದಿಂದ ನೋಡಿ, ಕೆಳಗಿನ ಭಾಗದಿಂದ ನೋಡಿದರೆ ಮೆಟ್ಟಿಲು ತೇಲಿದ ಹಾಗಾಗುತ್ತದೆ. ಮಗಳಿಗೂ ಇದನ್ನು ಹೇಳಿ: ಈಗ ಕನ್ನಡಕ ತೆಗೆಸಿದರೂ ನಲವತ್ತೆರಡು ನಲವತ್ತಮೂರಕ್ಕೆ ಅವಳಿಗೂ ಚಾಳೀಸು ಬರುತ್ತದೆ. ಮೈನಸ್ ಇರುವವರು ಕನ್ನಡಕ ತೆಗೆದು ಹತ್ತಿರ ಹಿಡಿದು ಆರಾಮವಾಗಿ ಓದುತ್ತಾರೆ. ಆ ಅನುಕೂಲವನ್ನು ಅವಳು ಈಗಲೇ ಬಿಟ್ಟುಕೊಡುತ್ತಿದ್ದಾಳೆ.

ಅವಳ ರೆಟಿನಾ ನೋಡಿಸುವ ದಿನ ನೀವೂ ಜೊತೆಗೆ ಹೋಗಿ. ಹನಿ ಹಾಕಿದ ಮೇಲೆ ಮೂರ್ನಾಲ್ಕು ಗಂಟೆ ಅವಳಿಗೆ ಸ್ಕೂಟರ್ ಓಡಿಸಲು ಆಗುವುದಿಲ್ಲ. ಅಲ್ಲೇ ನಿಮ್ಮ ಕಣ್ಣಿನ ಒತ್ತಡವನ್ನೂ ನೋಡಿಸಿ, ನಲವತ್ತು ದಾಟಿದವರು ನೋಡಿಸಲೇಬೇಕು, ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾ ಹೇಳಿ ಕೇಳಿ ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ನಿಮಗೂ ಹನಿ ಹಾಕುತ್ತಾರೆ. ಆಗ ಇಬ್ಬರೂ ಆಟೋದಲ್ಲಿ ಬನ್ನಿ.